ಇಬ್ಬರು ಹಿಡಿದ ಹೊದಿಕೆ: ಯೆಹೂದಿಗಳಿಗೆ ಓದು ಯಾಕೆ ಅಷ್ಟು ದೊಡ್ಡದು

ಇಬ್ಬರು ಒಂದೇ ಹೊದಿಕೆಯನ್ನು ಹಿಡಿದುಕೊಂಡು ಪಂಚರ ಮುಂದೆ ಬಂದಿದ್ದಾರೆ. "ಇದು ನನಗೆ ಸಿಕ್ಕಿದ್ದು" ಅಂತ ಒಬ್ಬ. "ಇಲ್ಲ, ನನಗೆ ಸಿಕ್ಕಿದ್ದು" ಅಂತ ಇನ್ನೊಬ್ಬ. ಪೂರ್ತಿ ನನ್ನದೇ ಅಂತ ಇಬ್ಬರದೂ ಹಟ. ಸಾಕ್ಷಿ ಯಾರೂ ಇಲ್ಲ. ಏನು ಮಾಡಬೇಕು?

ಸುಮಾರು 1800 ವರ್ಷ ಹಳೆಯ ಯೆಹೂದಿ ಗ್ರಂಥ ಮಿಷ್ನಾ ಹೀಗೆ ಹೇಳುತ್ತದೆ: "ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ" ಅಂತ ಇಬ್ಬರೂ ಆಣೆ ಮಾಡಲಿ. ಆಮೇಲೆ ಸಮನಾಗಿ ಹಂಚಿಕೊಳ್ಳಲಿ.

ಆಣೆಯ ಮಾತನ್ನು ಸ್ವಲ್ಪ ಗಮನಿಸಿ. ಯಾಕೆ ಇಷ್ಟು ಸುತ್ತಿ ಬಳಸಿ ಹೇಳಿಸಬೇಕು? "ಪೂರ್ತಿ ನನ್ನದು" ಅಂತ ಆಣೆ ಮಾಡಿಸಿ ಕೈಗೆ ಅರ್ಧ ಕೊಟ್ಟರೆ ಆ ಆಣೆಗೆ ಅರ್ಥವಿಲ್ಲ. "ಅರ್ಧ ನನ್ನದು" ಅಂತ ಹೇಳಿಸಿದರೆ ಅವನು ಈಗಷ್ಟೇ ಆಡಿದ ಮಾತನ್ನು ಅವನೇ ಸುಳ್ಳು ಮಾಡಿದ ಹಾಗಾಯಿತು. ಅದಕ್ಕೇ "ಅರ್ಧಕ್ಕಿಂತ ಕಡಿಮೆ ಇಲ್ಲ". ಸರಿ, ಆಣೆಯಾದರೂ ಯಾಕೆ ಬೇಕು? ಸುಮ್ನೆ ಹಂಚಿಬಿಟ್ಟರೆ ಆಗಲ್ವಾ? ಆಗಲ್ಲ. ಹಾಗೆ ಮಾಡಿದರೆ ನಾಳೆ ಯಾರು ಬೇಕಾದರೂ ಇನ್ನೊಬ್ಬರ ಬಟ್ಟೆಗೆ ಕೈಹಾಕಿ "ನನ್ನದು" ಅನ್ನಬಹುದು. ಇನ್ನು ಒಬ್ಬ "ಪೂರ್ತಿ ನನ್ನದು" ಅಂದು, ಮತ್ತೊಬ್ಬ "ಅರ್ಧ ನನ್ನದು" ಅಂದರೆ? ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಯಾಕೆಂದರೆ ಒಂದು ಅರ್ಧದ ಬಗ್ಗೆ ಜಗಳವೇ ಇಲ್ಲ. ಜಗಳ ಇರುವುದು ಉಳಿದ ಅರ್ಧಕ್ಕೆ ಮಾತ್ರ.

ಪುಟ ಮುಂದೆ ಹೋದ ಹಾಗೆ ಪ್ರಶ್ನೆಯೂ ಬೆಳೆಯುತ್ತಾ ಹೋಗುತ್ತದೆ. ಯೆಹೂದಿ ಧಾರ್ಮಿಕ ಶಾಲೆಗಳಲ್ಲಿ ಮಕ್ಕಳು ಓದುವುದು ಇಂಥದ್ದನ್ನೇ. ಇದು ಅವರಿಗೆ ಕಾನೂನಿನ ಪಾಠವೂ ಹೌದು, ದೇವರ ಕೆಲಸವೂ ಹೌದು. ಹೊದಿಕೆಯ ಜಗಳದಲ್ಲಿ ದೇವರು ಎಲ್ಲಿ ಬಂದ ಅಂತ ನಮಗೆ ಅನಿಸಬಹುದು. ಅದು ಅರ್ಥವಾದರೆ ಯೆಹೂದಿ ಬದುಕಿನ ಒಂದು ದೊಡ್ಡ ಬಾಗಿಲು ತೆರೆದ ಹಾಗೆ.

ಓದುವುದೇ ಒಂದು ವ್ರತ

ಹೀಬ್ರೂನಲ್ಲಿ ಇದಕ್ಕೆ ತಾಲ್ಮುದ್ ತೋರಾ ಅನ್ನುತ್ತಾರೆ. ತೋರಾ ಅಂದರೆ ಮೋಶೆಯ ಐದು ಪುಸ್ತಕಗಳು. ವಿಶಾಲವಾಗಿ ಹೇಳುವುದಾದರೆ, ಅವುಗಳಿಂದ ಹುಟ್ಟಿ ಬೆಳೆದ ಇಡೀ ವಿದ್ಯೆ. ತಾಲ್ಮುದ್ ಅಂದರೆ ಕಲಿಕೆ. ಈ ಕಲಿಕೆ ಒಂದು ಮಿತ್ಸ್ವಾ, ಅಂದರೆ ದೇವರು ವಿಧಿಸಿದ ಕರ್ತವ್ಯ. ದಿನಕ್ಕೆ ಎರಡು ಸಲ ಹೇಳುವ ಶೆಮಾ ಪ್ರಾರ್ಥನೆಯಲ್ಲೇ ಆ ಮಾತಿದೆ. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಇದರ ಬಗ್ಗೆ ಮಾತಾಡು, ನಿನ್ನ ಮಕ್ಕಳಿಗೆ ಕಲಿಸು ಅಂತ.

ಬೆಳಗ್ಗೆ ಎದ್ದ ಮೇಲೆ ಇದಕ್ಕೆಂದೇ ಒಂದು ಮಂತ್ರ ಹೇಳುತ್ತಾರೆ. "ತೋರಾದ ಮಾತುಗಳಲ್ಲಿ ತೊಡಗಿಕೊಳ್ಳುವಂತೆ" ನಮಗೆ ವಿಧಿಸಿದ ದೇವರಿಗೆ ಸ್ತುತಿ ಅಂತ ಅದರ ಅರ್ಥ. ಇಲ್ಲಿ "ತಿಳಿದುಕೊಳ್ಳುವಂತೆ" ಅಂತ ಇಲ್ಲ, "ತೊಡಗಿಕೊಳ್ಳುವಂತೆ" ಅಂತ ಇದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಒಂದು ಪದದಲ್ಲಿದೆ. ಗೊತ್ತಿರುವುದನ್ನೇ ಮತ್ತೆ ಓದಿದರೂ ಕರ್ತವ್ಯ ಮಾಡಿದ ಹಾಗೆ. ಅರ್ಥವಾಗದೆ ತಲೆ ಕೆರೆದುಕೊಂಡರೂ ಮಾಡಿದ ಹಾಗೆ. ಮಂತ್ರ ಹೇಳಿ ಸುಮ್ಮನಾದರೆ ಅದು ವ್ಯರ್ಥವಾಗುತ್ತದೆ ಅಂತ, ಅದರ ಬೆನ್ನಿಗೇ ತೋರಾದಿಂದ, ಮಿಷ್ನಾದಿಂದ ಕೆಲವು ಸಾಲುಗಳನ್ನು ಓದಿಬಿಡುತ್ತಾರೆ. ಆ ಸಾಲುಗಳಲ್ಲಿ ಒಂದು ಪಟ್ಟಿ ಬರುತ್ತದೆ. ತಂದೆ ತಾಯಿಗೆ ಗೌರವ, ದಯೆಯ ಕೆಲಸಗಳು, ಅತಿಥಿ ಸತ್ಕಾರ, ರೋಗಿಗಳನ್ನು ನೋಡಲು ಹೋಗುವುದು, ಜಗಳವಾಡಿದವರನ್ನು ಒಂದುಮಾಡುವುದು ಎಲ್ಲ ಅದರಲ್ಲಿದೆ. ಕೊನೆಗೆ ಹೇಳುವುದು, ತೋರಾದ ಓದು ಇವೆಲ್ಲಕ್ಕೂ ಸಮ ಅಂತ.

ಯುರೋಪಿನ ಯೆಹೂದಿಗಳ ಯಿದ್ದಿಷ್ ಭಾಷೆಯಲ್ಲಿ ಪ್ರಾರ್ಥನಾ ಮಂದಿರಕ್ಕೆ ಶೂಲ್ ಅನ್ನುತ್ತಾರೆ. ಶಾಲೆ ಅನ್ನುವುದೇ ಆ ಪದದ ಮೂಲ ಅರ್ಥ.

ಗುಡಿ ಹೋಯಿತು, ಪಾಠ ಉಳಿಯಿತು

ಓದಿಗೆ ಇಷ್ಟು ಎತ್ತರದ ಜಾಗ ಸಿಗುವುದರ ಹಿಂದೆ ಒಂದು ದೊಡ್ಡ ನಷ್ಟವಿದೆ. ಒಂದು ಕಾಲದಲ್ಲಿ ಯೆಹೂದಿ ಪೂಜೆಯ ಕೇಂದ್ರ ಜೆರುಸಲೇಮಿನ ದೇವಾಲಯ. ಪುರೋಹಿತರು, ಬಲಿ, ಹಬ್ಬದ ಯಾತ್ರೆ ಎಲ್ಲವೂ ಅಲ್ಲೇ. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನು ಸುಟ್ಟು ಕೆಡವಿದರು. ದೇವಾಲಯ ಬಿಟ್ಟು ಬೇರೆಲ್ಲೂ ಬಲಿ ಕೊಡುವ ಹಾಗಿರಲಿಲ್ಲ. ಹಾಗಾಗಿ ಪೂಜೆಯ ಮುಖ್ಯ ದಾರಿಯೇ ಮುಚ್ಚಿಹೋಯಿತು.

ಆ ಹೊತ್ತಿನ ಒಂದು ಕಥೆಯನ್ನು ತಾಲ್ಮುದ್ ಎಂದೇ ಹೆಸರಿರುವ ದೊಡ್ಡ ಗ್ರಂಥ ಹೇಳುತ್ತದೆ. ಊರಿಗೆ ಮುತ್ತಿಗೆ ಬಿದ್ದಿತ್ತು. ಯೋಹನಾನ್ ಬೆನ್ ಜಕ್ಕಾಯ್ ಎಂಬ ಗುರುವನ್ನು ಶಿಷ್ಯರು ಶವದಂತೆ ಹೊತ್ತು ಊರಿನಿಂದ ಹೊರಗೆ ಸಾಗಿಸಿದರು. ಅವರು ರೋಮನ್ ದಂಡನಾಯಕ ವೆಸ್ಪೇಸಿಯನ್ ಮುಂದೆ ನಿಂತರು. ಏನು ಬೇಕು ಕೇಳು ಅಂದಾಗ ಅವರು ಕೇಳಿದ್ದು, "ಯಾವ್ನೆಯನ್ನೂ ಅಲ್ಲಿನ ಪಂಡಿತರನ್ನೂ ನನಗೆ ಕೊಡು". ಯಾವ್ನೆ ಸಮುದ್ರ ತೀರಕ್ಕೆ ಹತ್ತಿರದ ಒಂದು ಸಣ್ಣ ಊರು. ಜೆರುಸಲೇಮನ್ನು ಯಾಕೆ ಕೇಳಲಿಲ್ಲ ಅಂತ ಅವರನ್ನು ಬೈದವರೂ ಇದ್ದರು. ತಾಲ್ಮುದ್ ಆ ಬೈಗುಳವನ್ನೂ ಬರೆದಿಟ್ಟಿದೆ.

ಕಥೆ ಹೀಗೆಯೇ ನಡೆಯಿತೋ ಇಲ್ಲವೋ, ಆದದ್ದು ಮಾತ್ರ ಇದೇ. ಪುರೋಹಿತನ ಜಾಗಕ್ಕೆ ಗುರು ಬಂದ. ಬಲಿಪೀಠದ ಜಾಗಕ್ಕೆ ಓದಿನ ಮನೆ ಬಂತು. ಅದನ್ನು ಬೇತ್ ಮಿದ್ರಾಷ್ ಅನ್ನುತ್ತಾರೆ. ದಹನಬಲಿಯ ನಿಯಮಗಳನ್ನು ಓದಿದವನು ಆ ಬಲಿಯನ್ನೇ ಅರ್ಪಿಸಿದ ಹಾಗೆ ಅಂತ ಪಂಡಿತರು ಹೇಳಿದರು. ಸುಮಾರು 2000 ವರ್ಷದಿಂದ ನಡೆಯದ ಬಲಿಗಳ ನಿಯಮಗಳನ್ನು ಇಂದಿಗೂ ಅಕ್ಷರ ಬಿಡದೆ ಓದುತ್ತಾರೆ. ಉಪಯೋಗಕ್ಕೆ ಮಾತ್ರ ಓದುವುದಾಗಿದ್ದರೆ ಆ ಪುಟಗಳು ಎಂದೋ ಧೂಳು ಹಿಡಿಯುತ್ತಿದ್ದವು. ಜೊತೆಗೆ, ಗುಡಿಯನ್ನು ಹೊತ್ತುಕೊಂಡು ದೇಶ ಬಿಡಲು ಆಗದು. ಪುಸ್ತಕವನ್ನು, ಅದಿಲ್ಲದಿದ್ದರೆ ಬಾಯಿಪಾಠವನ್ನು, ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಒಂದು ಪುಟದಲ್ಲಿ ಎಷ್ಟು ಶತಮಾನ

ಏನು ಓದುತ್ತಾರೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ತಳದಲ್ಲಿ ತೋರಾ. ಅದರ ಮೇಲೆ ಮಿಷ್ನಾ. ಇದು ಬಾಯಿಂದ ಬಾಯಿಗೆ ಬಂದ ನಿಯಮಗಳ ಸಂಗ್ರಹ. ಕ್ರಿ.ಶ. 200ರ ಸುಮಾರಿಗೆ ಯೆಹೂದಾ ಹನಾಸಿ ಎಂಬ ಗುರು ಇದನ್ನು ಒಟ್ಟುಗೂಡಿಸಿದರು. ಅದರ ಮೇಲೆ ಗೆಮಾರಾ. ಮಿಷ್ನಾದ ಒಂದೊಂದು ಸಾಲನ್ನೂ ಹಿಡಿದು ಪಂಡಿತರು ತಲೆಮಾರುಗಳ ಕಾಲ ನಡೆಸಿದ ಚರ್ಚೆ ಅದು. ಮಿಷ್ನಾ, ಗೆಮಾರಾ ಎರಡೂ ಸೇರಿದರೆ ತಾಲ್ಮುದ್. ಇಂಥ ತಾಲ್ಮುದ್ ಎರಡಿವೆ. ಒಂದು ಇಸ್ರೇಲ್ ನಾಡಿನಲ್ಲಿ ಹುಟ್ಟಿತು. ಇನ್ನೊಂದು ಬ್ಯಾಬಿಲೋನಿಯಾದಲ್ಲಿ, ಅಂದರೆ ಇಂದಿನ ಇರಾಕ್‌ನಲ್ಲಿ. ದೊಡ್ಡದೂ ಜಾಸ್ತಿ ಓದಿಸಿಕೊಳ್ಳುವುದೂ ಬ್ಯಾಬಿಲೋನಿಯಾದ್ದು.

ತಾಲ್ಮುದಿನ ಪುಟ ನೋಡುವುದೇ ಒಂದು ಅನುಭವ. ನಡುವೆ ದಪ್ಪ ಅಕ್ಷರದಲ್ಲಿ ಮೂಲ. ಹೊಲಿಗೆಯ ಕಡೆ ರಾಶಿಯ ವ್ಯಾಖ್ಯಾನ. ರಾಶಿ 11ನೆಯ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ಊರಿನಲ್ಲಿದ್ದವರು. ಗಟ್ಟಿ ಪದಗಳನ್ನು ಒಡೆದು, ಒಬ್ಬ ಒಳ್ಳೆ ಮೇಷ್ಟ್ರ ಹಾಗೆ ಕೈಹಿಡಿದು ನಡೆಸುತ್ತಾರೆ. ಪುಟದ ಹೊರಗಿನ ಕಡೆ ತೋಸಾಫೋತ್ ಎಂಬ ಟಿಪ್ಪಣಿಗಳು. ಇದನ್ನು ಬರೆದವರಲ್ಲಿ ರಾಶಿಯ ಮೊಮ್ಮಕ್ಕಳೇ ಇದ್ದಾರೆ. ಅಜ್ಜ ಹೇಳಿದ್ದು ಸರಿ ಇಲ್ಲ ಅಂತ ಮೊಮ್ಮಗ ಅದೇ ಪುಟದ ಇನ್ನೊಂದು ಅಂಚಿನಲ್ಲಿ ವಾದಿಸುತ್ತಾನೆ. ಯಾರೂ ಅದನ್ನು ಅಗೌರವ ಅಂದುಕೊಳ್ಳುವುದಿಲ್ಲ. ಸಾವಿರ ವರ್ಷದ ಅಂತರದಲ್ಲಿ ಬದುಕಿದವರು ಒಂದೇ ಪುಟದಲ್ಲಿ ಎದುರಾಬದುರು ಕೂತು ಮಾತಾಡುತ್ತಿದ್ದಾರೆ ಅನಿಸುತ್ತದೆ.

ಜೊತೆಗಾರ ಬೇಕೇ ಬೇಕು

ಓದಿನ ಮನೆಗೆ ಹೋದರೆ ಕಿವಿಗೆ ಬೀಳುವುದು ಗದ್ದಲ. ಇಬ್ಬಿಬ್ಬರಾಗಿ ಎದುರು ಬದುರು ಕೂತಿರುತ್ತಾರೆ. ಒಬ್ಬ ರಾಗವಾಗಿ ಗಟ್ಟಿಯಾಗಿ ಓದುತ್ತಾನೆ, ಅರ್ಥ ಹೇಳುತ್ತಾನೆ. ಇನ್ನೊಬ್ಬ ತಡೆಯುತ್ತಾನೆ. ಈ ಜೋಡಿಗೆ ಹವ್ರೂತಾ ಅಂತ ಹೆಸರು, ಗೆಳೆತನ ಅಂತ ಅರ್ಥ. "ಒಂದೋ ಹವ್ರೂತಾ, ಇಲ್ಲವೇ ಸಾವು" ಅನ್ನುವ ಮಾತು ತಾಲ್ಮುದ್‌ನಲ್ಲೇ ಇದೆ.

ಅವರು ಹೇಗೆ ವಾದಿಸುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ. ಹೊದಿಕೆಯ ಜಗಳ ಬರುವ ಪುಸ್ತಕದ್ದೇ, ಎರಡನೆಯ ಅಧ್ಯಾಯದ್ದು. ಎಷ್ಟೋ ಮಕ್ಕಳಿಗೆ ತಾಲ್ಮುದಿನ ಮೊದಲ ಪಾಠ ಇಲ್ಲಿಂದಲೇ ಶುರುವಾಗುತ್ತದೆ. ದಾರಿಯಲ್ಲಿ ಚೆಲ್ಲಿದ ನಾಣ್ಯ ಸಿಕ್ಕಿದೆ. ಗುರುತು ಹೇಳುವಂಥದ್ದು ಏನೂ ಇಲ್ಲ. ಸಿಕ್ಕಿದವನು ಇಟ್ಟುಕೊಳ್ಳಬಹುದು ಅನ್ನುತ್ತದೆ ಮಿಷ್ನಾ. ಯಾಕೆ? ಕಳೆದುಕೊಂಡವನು "ಇನ್ನು ಅದು ಸಿಗಲ್ಲ ಬಿಡು" ಅಂತ ಆಸೆ ಬಿಟ್ಟಿರುತ್ತಾನೆ.

ಆದರೆ ನಾಣ್ಯ ಬಿದ್ದದ್ದು ಅವನಿಗೆ ಇನ್ನೂ ಗೊತ್ತೇ ಆಗಿಲ್ಲದಿದ್ದರೆ? ಗೊತ್ತಾದಾಗ ಆಸೆ ಬಿಡುವುದು ಖಂಡಿತ. ಈಗ ಮಾತ್ರ ಬಿಟ್ಟಿಲ್ಲ. ಅಬಾಯೇ, ರಾವಾ ಎಂಬ ಇಬ್ಬರು ಪಂಡಿತರು 4ನೆಯ ಶತಮಾನದ ಬ್ಯಾಬಿಲೋನಿಯಾದಲ್ಲಿ ಇದನ್ನೇ ಹಿಡಿದುಕೊಂಡರು. ಮುಂದೆ ಬಿಡುವ ಆಸೆಯನ್ನು ಈಗಲೇ ಬಿಟ್ಟ ಹಾಗೆ ಲೆಕ್ಕ ಹಾಕಬಹುದು ಅಂತ ರಾವಾ. ಗೊತ್ತಿಲ್ಲದೆ ಯಾರೂ ಯಾವುದನ್ನೂ ಬಿಟ್ಟುಕೊಡಲಾರರು ಅಂತ ಅಬಾಯೇ. ಹಾಗಾದರೆ ಚೆಲ್ಲಿದ ನಾಣ್ಯವನ್ನು ಇಟ್ಟುಕೊಳ್ಳಬಹುದು ಅಂದದ್ದು ಹೇಗೆ? ಅದಕ್ಕೆ ಬರುವ ಉತ್ತರ ನನಗೆ ತುಂಬಾ ಇಷ್ಟ. ಮನುಷ್ಯ ಗಳಿಗೆ ಗಳಿಗೆಗೂ ತನ್ನ ದುಡ್ಡಿನ ಚೀಲ ಮುಟ್ಟಿ ನೋಡಿಕೊಳ್ಳುತ್ತಾನೆ, ಆದ್ದರಿಂದ ಅವನಿಗೆ ಆಗಲೇ ಗೊತ್ತಾಗಿರುತ್ತದೆ! ಸಂತೆಗೆ ಹೋಗಿ ಬಂದವರಿಗೆಲ್ಲ ಗೊತ್ತಿರುವ ಸಂಗತಿ, ಅಲ್ವಾ? ಇವರಿಬ್ಬರ ವಾದಗಳಲ್ಲಿ ಸಾಮಾನ್ಯವಾಗಿ ರಾವಾನ ಮಾತೇ ನಿಲ್ಲುತ್ತದೆ. ಅಬಾಯೇ ಗೆದ್ದ ಆರೇ ಆರು ಜಾಗಗಳಲ್ಲಿ ಇದು ಒಂದು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಕಾಣತೊಡಗುತ್ತದೆ. ದೇವರ ಇಚ್ಛೆ ಆಕಾಶದಲ್ಲಿಲ್ಲ. ಬಿದ್ದ ನಾಣ್ಯವನ್ನು ಕೈಗೆತ್ತಿಕೊಳ್ಳುವ ಮುನ್ನ ಅದನ್ನು ಕಳೆದುಕೊಂಡವನ ಮನಸ್ಸನ್ನು ಇಷ್ಟು ಹತ್ತಿರದಿಂದ ನೋಡುವುದರಲ್ಲಿ ಅದು ಇದೆ. ಆ ನೋಟವನ್ನು ಪಳಗಿಸುವುದೇ ಓದಿನ ಕೆಲಸ.

ಹವ್ರೂತಾ ಅಂದರೆ ಏನು ಅಂತ ಅರ್ಥ ಮಾಡಿಸುವ ಕಥೆ ತಿಬೇರಿಯಾಸ್ ಊರಿನ ರಬ್ಬಿ (ಅಂದರೆ ಧರ್ಮಗುರು) ಯೋಹನಾನ್ ಮತ್ತು ರೇಷ್ ಲಕೀಷ್ ಅವರದ್ದು. ಈ ಯೋಹನಾನ್ ಯಾವ್ನೆಯನ್ನು ಕೇಳಿದವರಲ್ಲ, ಬೇರೆಯವರು. ರೇಷ್ ಲಕೀಷ್ ಮೊದಲು ದರೋಡೆಕಾರ. ಯೋಹನಾನ್ ಅವನನ್ನು ಓದಿನ ದಾರಿಗೆ ತಂದರು, ತಂಗಿಯನ್ನು ಕೊಟ್ಟು ಮದುವೆ ಮಾಡಿದರು. ಇಬ್ಬರೂ ವರ್ಷಗಟ್ಟಲೆ ಜೊತೆಯಾಗಿ ಓದಿದರು. ಒಂದು ದಿನ ಕತ್ತಿ, ಚೂರಿಗಳ ಬಗ್ಗೆ ಚರ್ಚೆ ಬಂತು. ಅವು ತಯಾರಾಗುವ ಹಂತದಲ್ಲಿ ಯಾವಾಗಿನಿಂದ ಮೈಲಿಗೆಗೆ ಒಳಗಾಗುತ್ತವೆ ಅಂತ. ವಾದದ ಬಿಸಿಯಲ್ಲಿ ಯೋಹನಾನ್ ಬಾಯಿಂದ "ಕಳ್ಳನಿಗೆ ತನ್ನ ಕಸುಬು ಚೆನ್ನಾಗಿ ಗೊತ್ತು" ಅನ್ನುವ ಮಾತು ಬಂದುಬಿಟ್ಟಿತು. ಇಬ್ಬರ ಮನಸ್ಸೂ ಮುರಿಯಿತು. ರೇಷ್ ಲಕೀಷ್ ಕಾಯಿಲೆ ಬಿದ್ದು ತೀರಿಕೊಂಡ.

ಯೋಹನಾನ್ ದುಃಖದಲ್ಲಿ ಮುಳುಗಿದರು. ಸಮಾಧಾನಕ್ಕೆ ಅಂತ ಎಲಾಜಾರ್ ಎಂಬ ಬುದ್ಧಿವಂತನನ್ನು ಅವರ ಜೊತೆ ಓದಲು ಕಳಿಸಿದರು. ಯೋಹನಾನ್ ಏನೇ ಹೇಳಿದರೂ ಎಲಾಜಾರ್, "ನಿಮ್ಮ ಮಾತಿಗೆ ಇಂಥ ಕಡೆ ಆಧಾರ ಇದೆ" ಅನ್ನುತ್ತಿದ್ದ. ಕೊನೆಗೆ ಯೋಹನಾನ್ ಹೇಳಿದರು: ನೀನು ಅವನ ಹಾಗೆ ಆಗುತ್ತೀಯಾ? ನಾನು ಒಂದು ಮಾತು ಹೇಳಿದರೆ ಅವನು 24 ಆಕ್ಷೇಪ ಎತ್ತುತ್ತಿದ್ದ. ನಾನು 24 ಉತ್ತರ ಕೊಡುತ್ತಿದ್ದೆ. ಹಾಗೆ ವಿಷಯ ತಾನಾಗೇ ಬೆಳಗುತ್ತಿತ್ತು. ನೀನೋ, ನಾನು ಹೇಳಿದ್ದು ಸರಿ ಅನ್ನುತ್ತೀಯ. ಸರಿ ಅಂತ ನನಗೆ ಗೊತ್ತಿಲ್ವಾ?

ಆಮೇಲೆ ಅವರು ಬಟ್ಟೆ ಹರಿದುಕೊಂಡು "ಎಲ್ಲಿದ್ದೀಯ, ಎಲ್ಲಿದ್ದೀಯ" ಅಂತ ಅಲೆದರಂತೆ. ಈ ಕಥೆಯನ್ನು ಎಷ್ಟು ಸಲ ಓದಿದರೂ ನನ್ನ ಗಂಟಲು ಕಟ್ಟುತ್ತದೆ. ನಮ್ಮ ಮಾತನ್ನು ಒಪ್ಪುವವರು ಬೇಕಾದಷ್ಟು ಸಿಗುತ್ತಾರೆ. ನಮ್ಮನ್ನು ಪ್ರೀತಿಸಿ 24 ಸಲ ತಡೆಯುವವರು ಸಿಗುವುದು ಬಹಳ ಕಷ್ಟ.

ಸೋತವರ ಮಾತೂ ಉಳಿಯುತ್ತದೆ

ತಾಲ್ಮುದ್ ಓದುವವರು ಬೇಗ ಗಮನಿಸುವ ಸಂಗತಿ ಒಂದಿದೆ. ಚರ್ಚೆಯಲ್ಲಿ ಸೋತವರ ಅಭಿಪ್ರಾಯವನ್ನು ಅಳಿಸುವುದಿಲ್ಲ. ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಪಂಥಗಳು ಮೂರು ವರ್ಷ ವಾದ ಮಾಡಿದವಂತೆ. ಕೊನೆಗೆ ಆಕಾಶವಾಣಿ ಆಯಿತು. "ಇದೂ ಅದೂ ಎರಡೂ ಜೀವಂತ ದೇವರ ಮಾತೇ. ಆದರೆ ನಡೆಯಬೇಕಾದದ್ದು ಹಿಲ್ಲೆಲ್ ಪಂಥದ ಪ್ರಕಾರ." ಎರಡೂ ದೇವರ ಮಾತೇ ಆದರೆ ಇವರೇ ಯಾಕೆ? ಅವರು ಸೌಮ್ಯರು, ಎದುರಾಳಿಯ ವಾದವನ್ನೂ ಕಲಿಸುತ್ತಿದ್ದರು, ಅದನ್ನು ತಮ್ಮದಕ್ಕಿಂತ ಮೊದಲು ಹೇಳುತ್ತಿದ್ದರು ಅಂತ ತಾಲ್ಮುದ್ ಕಾರಣ ಕೊಡುತ್ತದೆ.

ಹಾಗಂತ ಆಕಾಶವಾಣಿಗೆ ಯಾವಾಗಲೂ ತಲೆಬಾಗುತ್ತಾರೆ ಅಂದುಕೊಳ್ಳಬೇಡಿ. ಒಂದು ಮಣ್ಣಿನ ಒಲೆಯ ಮಡಿ ಮೈಲಿಗೆಯ ಬಗ್ಗೆ ರಬ್ಬಿ ಎಲಿಯೇಜರ್ ಒಬ್ಬರೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಎಲಿಯೇಜರ್ ಮಾತಿಗೆ ಮರ ಬೇರು ಸಮೇತ ಎದ್ದು ಜರುಗಿತು, ನೀರು ಹಿಂದಕ್ಕೆ ಹರಿಯಿತು. ಅವರೇ ಸರಿ ಅಂತ ಆಕಾಶದಿಂದ ದನಿಯೂ ಬಂತು. ಆಗ ರಬ್ಬಿ ಯೆಹೋಷುವಾ ಎದ್ದು ನಿಂತು, "ಅದು ಆಕಾಶದಲ್ಲಿಲ್ಲ" ಅಂತ ತೋರಾದ ಮಾತನ್ನೇ ಎತ್ತಿ ಹೇಳಿದರು. ತೋರಾವನ್ನು ಮನುಷ್ಯರಿಗೆ ಕೊಟ್ಟಾಗಿದೆ, ಇನ್ನು ತೀರ್ಮಾನ ಬಹುಮತದ್ದು. ಆ ಹೊತ್ತಿನಲ್ಲಿ ದೇವರು ನಕ್ಕು, "ನನ್ನ ಮಕ್ಕಳು ನನ್ನನ್ನು ಸೋಲಿಸಿದರು" ಅಂದನಂತೆ. ಇಲ್ಲಿಗೆ ಕಥೆ ನಿಲ್ಲಿಸುವವರೇ ಜಾಸ್ತಿ. ಆದರೆ ತಾಲ್ಮುದ್ ನಿಲ್ಲಿಸುವುದಿಲ್ಲ. ಬಹುಮತದವರು ಎಲಿಯೇಜರ್‌ಗೆ ಬಹಿಷ್ಕಾರ ಹಾಕಿದ್ದು, ಅವರು ಅತ್ತದ್ದು, ಅದರಿಂದ ಆದ ಅನಾಹುತ ಎಲ್ಲವನ್ನೂ ಬರೆದಿದೆ. ಕಥೆ ಬರುವುದು ಮಾತಿನಿಂದ ಇನ್ನೊಬ್ಬರನ್ನು ನೋಯಿಸಬಾರದು ಅನ್ನುವ ಭಾಗದಲ್ಲಿ. ವಾದಕ್ಕೆ ಇಷ್ಟು ಬೆಲೆ ಕೊಟ್ಟವರು ವಾದದ ಗಾಯವನ್ನೂ ಮುಚ್ಚಿಡಲಿಲ್ಲ.

ಯಾರು ಓದಬೇಕು, ಅನ್ನ ಯಾರು ಹಾಕಬೇಕು

ಓದಿಗೆ ವಯಸ್ಸಿನ ಹಂಗಿಲ್ಲ ಅಂತ ಹೇಳುವಾಗ ರಬ್ಬಿ ಅಕಿವಾ ಹೆಸರು ಬರುತ್ತದೆ. 40ನೆಯ ವಯಸ್ಸಿನವರೆಗೆ ಅಕ್ಷರ ಬಾರದ ಕುರಿಗಾಹಿ. ನೀರು ಬಿದ್ದು ಬಿದ್ದು ಕಲ್ಲು ಸವೆದದ್ದನ್ನು ನೋಡಿ, ಮಗನ ಜೊತೆ ಮಕ್ಕಳ ಮೇಷ್ಟ್ರ ಮುಂದೆ ಕೂತು ಅಕ್ಷರ ಕಲಿತರಂತೆ. ಅವರನ್ನು ಓದಲು ಕಳಿಸಿದ್ದು ಹೆಂಡತಿ. ಮುಂದೆ ಸಾವಿರಾರು ಶಿಷ್ಯರ ಮುಂದೆ ಅಕಿವಾ, "ನನ್ನದೂ ನಿಮ್ಮದೂ ಎಲ್ಲವೂ ಅವಳದ್ದು" ಅಂದರು.

ಆದರೆ ಆ ಹೆಂಡತಿಗೆ ಓದಿನ ಮನೆಯಲ್ಲಿ ಜಾಗ ಇರಲಿಲ್ಲ. ಮಗಳಿಗೆ ತೋರಾ ಕಲಿಸಲೇಬೇಕು ಅಂತ ಒಬ್ಬ ಪಂಡಿತ, ಕೂಡದು ಅಂತ ಇನ್ನೊಬ್ಬ. ಶತಮಾನಗಳ ಕಾಲ ಗೆದ್ದದ್ದು ಎರಡನೆಯ ಮಾತು. ಇದು ದೊಡ್ಡ ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಬಟ್ಟೆ ಹೊಲಿದು ಬದುಕುತ್ತಿದ್ದ ಸಾರಾ ಶೆನಿರರ್ 1917ರಲ್ಲಿ ಪೋಲೆಂಡಿನ ಕ್ರಾಕೋ ಊರಿನಲ್ಲಿ ಹೆಣ್ಣುಮಕ್ಕಳಿಗೆ ಧಾರ್ಮಿಕ ಶಾಲೆ ತೆರೆದರು. ಅದು ಬೇಸ್ ಯಾಕೋವ್ ಶಾಲೆಗಳ ದೊಡ್ಡ ಬಳಗವಾಯಿತು. ಅಲ್ಲಿ ತಾಲ್ಮುದ್ ಕಲಿಸುತ್ತಿರಲಿಲ್ಲ. ಆ ಬಾಗಿಲು ತೆರೆಯಲು ಇನ್ನೂ ಹಲವು ದಶಕ ಬೇಕಾಯಿತು. 2020ರ ಜನವರಿಯಲ್ಲಿ ಜೆರುಸಲೇಮಿನ ಒಂದು ಸಭಾಂಗಣದಲ್ಲಿ ಸಾವಿರಾರು ಮಹಿಳೆಯರು ಸೇರಿ ಇಡೀ ತಾಲ್ಮುದ್ ಮುಗಿಸಿದ ಸಂಭ್ರಮ ಆಚರಿಸಿದರು.

ಇನ್ನೊಂದು ಜಗಳ ಇನ್ನೂ ಬಿಸಿಯಾಗಿಯೇ ಇದೆ. ಓದುತ್ತಾ ಕೂತರೆ ಹೊಟ್ಟೆಪಾಡು? ತೋರಾವನ್ನು ನೆಲ ಅಗೆಯುವ ಗುದ್ದಲಿ ಮಾಡಿಕೊಳ್ಳಬೇಡ, ಅಂದರೆ ಹೊಟ್ಟೆಪಾಡಿನ ಸಾಧನ ಮಾಡಿಕೊಳ್ಳಬೇಡ ಅಂತ ಮಿಷ್ನಾದಲ್ಲೇ ಇದೆ. 12ನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಈಜಿಪ್ಟಿನಲ್ಲಿ ವೈದ್ಯರಾಗಿ ದುಡಿಯುತ್ತಾ ಬರೆದವರು. ಕೆಲಸ ಬಿಟ್ಟು ದಾನದ ಮೇಲೆ ಬದುಕಿ ಓದುತ್ತೇನೆ ಅನ್ನುವವನು ದೇವರ ಹೆಸರಿಗೇ ಮಸಿ ಬಳಿಯುತ್ತಾನೆ ಅಂತ ಅವರು ಕಟುವಾಗಿ ಹೇಳಿದರು. ಒಬ್ಬ ವ್ಯಾಪಾರ ಮಾಡಲಿ, ಇನ್ನೊಬ್ಬ ಓದಲಿ, ಪುಣ್ಯ ಇಬ್ಬರಿಗೂ ಅನ್ನುವ ಪದ್ಧತಿಯೂ ಉಂಟು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ಅದರ ಮೊದಲ ಪ್ರಧಾನಿ ಬೆನ್ ಗುರಿಯನ್ ಸುಮಾರು 400 ಯೆಶಿವಾ ವಿದ್ಯಾರ್ಥಿಗಳಿಗೆ ಸೈನ್ಯದ ಸೇವೆಯಿಂದ ಬಿಡುಗಡೆ ಕೊಟ್ಟರು. ಯೆಶಿವಾ ಅಂದರೆ ದೊಡ್ಡ ಧಾರ್ಮಿಕ ವಿದ್ಯಾಲಯ. ಆ ಸಂಖ್ಯೆ ಈಗ ಹತ್ತಾರು ಸಾವಿರಕ್ಕೆ ಮುಟ್ಟಿದೆ. ಅವರನ್ನೂ ಸೇನೆಗೆ ಕರೆಯಲೇಬೇಕು ಅಂತ 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ನಮ್ಮ ಓದೇ ದೇಶವನ್ನು ಕಾಯುತ್ತಿದೆ ಅಂತ ಅವರಲ್ಲಿ ಹಲವರು ಮನಸಾರೆ ನಂಬುತ್ತಾರೆ. ಗಡಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅಂತಲೂ ಯೋಚಿಸಬೇಕಲ್ಲ. ಕಲಿಕೆ ದೊಡ್ಡದೋ ನಡತೆ ದೊಡ್ಡದೋ ಅಂತ ಹಿಂದೆಯೇ ಒಂದು ಸಭೆಯಲ್ಲಿ ಪ್ರಶ್ನೆ ಬಂದಿತ್ತು. ಕಲಿಕೆಯೇ ದೊಡ್ಡದು, ಯಾಕೆಂದರೆ ಅದು ನಡತೆಗೆ ಒಯ್ಯುತ್ತದೆ ಅಂತ ಸಭೆ ತೀರ್ಮಾನಿಸಿತು. ಆ ತೀರ್ಮಾನದಲ್ಲಿ ಯಾರು ಗೆದ್ದರು ಅಂತ ಇನ್ನೂ ವಾದ ನಡೆದೇ ಇದೆ.

ಸುಟ್ಟರೂ ಮರಳಿ ಬಂದ ಪುಟಗಳು

ಈ ಜನಕ್ಕೆ ಓದು ಎಷ್ಟು ಮುಖ್ಯ ಅಂತ ವೈರಿಗಳಿಗೂ ಗೊತ್ತಿತ್ತು. 1242ರಲ್ಲಿ ಪ್ಯಾರಿಸ್‌ನಲ್ಲಿ 24 ಗಾಡಿ ತುಂಬ ತಾಲ್ಮುದ್ ಪ್ರತಿಗಳನ್ನು ತಂದು ಸುಟ್ಟರು. ಆಗ ಅವೆಲ್ಲ ಕೈಬರಹದವು. 1553ರಲ್ಲಿ ರೋಮ್‌ನಲ್ಲಿ ಮತ್ತೆ ಸುಟ್ಟರು. ನಾಜಿಗಳ ಕಾಲ ಮುಗಿದಾಗ ಯುರೋಪಿನಲ್ಲಿ ಒಂದು ಪೂರ್ತಿ ತಾಲ್ಮುದ್ ಸಿಗುವುದೇ ಕಷ್ಟವಾಗಿತ್ತು. ಸಾವಿನ ಶಿಬಿರಗಳಿಂದ ಉಳಿದು ಬಂದವರು ಜರ್ಮನಿಯಲ್ಲಿ ನಿರಾಶ್ರಿತರಾಗಿದ್ದರು. ಅವರಲ್ಲಿದ್ದ ರಬ್ಬಿಗಳು ಅಮೆರಿಕದ ಸೈನ್ಯದ ಹತ್ತಿರ ಹೋಗಿ, ನಮಗೆ ತಾಲ್ಮುದ್ ಅಚ್ಚು ಹಾಕಿಸಿಕೊಡಿ ಅಂತ ಕೇಳಿದರು. ಸೈನ್ಯ ಒಪ್ಪಿತು. ಕಾಗದಕ್ಕೇ ಬರ ಇದ್ದ ಕಾಲ ಅದು. ಮೂಲ ಪ್ರತಿಯನ್ನು ನ್ಯೂಯಾರ್ಕ್‌ನಿಂದ ತರಿಸಬೇಕಾಯಿತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲೇ 19 ಸಂಪುಟಗಳು ಅಚ್ಚಾದವು, ಮೊದಲ ಪುಟದಲ್ಲಿ 1948 ಅಂತ ಇದೆ. ಆ ಪುಟದ ಕೆಳಗಡೆ ಮುಳ್ಳುತಂತಿಯ ಶಿಬಿರದ ಚಿತ್ರ. ಮೇಲ್ಗಡೆ ಇಸ್ರೇಲ್ ನಾಡಿನ ಚಿತ್ರ.

ಇವತ್ತು ಬಹಳಷ್ಟು ಜನ ಓದುವುದು ದಾಫ್ ಯೋಮಿ ಕ್ರಮದಲ್ಲಿ. ದಿನಕ್ಕೆ ಒಂದು ಹಾಳೆ, ಎರಡು ಮಗ್ಗುಲು. ಪೋಲೆಂಡಿನ ರಬ್ಬಿ ಮೇಯಿರ್ ಶಪೀರೋ 1923ರಲ್ಲಿ ವಿಯೆನ್ನಾದ ಸಮ್ಮೇಳನದಲ್ಲಿ ಈ ಸಲಹೆ ಇಟ್ಟರು. ಹಡಗು ಹತ್ತಿ ದೂರದ ದೇಶಕ್ಕೆ ಹೋದ ಯೆಹೂದಿ ಅಲ್ಲಿನ ಓದಿನ ಮನೆಗೆ ಕಾಲಿಟ್ಟರೆ, ತಾನು ಬೆಳಗ್ಗೆ ಓದಿದ ಪುಟವನ್ನೇ ಅಲ್ಲಿಯವರೂ ಓದುತ್ತಿರಬೇಕು ಅನ್ನುವುದು ಅವರ ಆಸೆ. ಇದು ಸಾಧ್ಯವಾದದ್ದು ಪುಟಗಳ ಸಂಖ್ಯೆ ಎಲ್ಲ ಕಡೆ ಒಂದೇ ಆಗಿರುವುದರಿಂದ. 1520ರ ದಶಕದಲ್ಲಿ ವೆನಿಸ್‌ನ ಕ್ರೈಸ್ತ ಮುದ್ರಕ ಡೇನಿಯಲ್ ಬಾಂಬರ್ಗ್ ಹಾಕಿದ ಪುಟ ಸಂಖ್ಯೆಯನ್ನೇ ಇಂದಿಗೂ ಇಟ್ಟುಕೊಂಡಿದ್ದಾರೆ. ಒಟ್ಟು 2711 ಹಾಳೆ. ಮುಗಿಯಲು ಸುಮಾರು ಏಳೂವರೆ ವರ್ಷ.

ಒಂದು ಭಾಗ ಮುಗಿದಾಗ ಸಣ್ಣ ಊಟ ಇಟ್ಟುಕೊಂಡು ಹದ್ರಾನ್ ಎಂಬ ಮಾತು ಹೇಳುತ್ತಾರೆ. ಅದನ್ನು ಹೇಳುವುದು ಪುಸ್ತಕಕ್ಕೇ, ಅದರ ಹೆಸರು ಹಿಡಿದು ಕರೆದು. "ನಿನ್ನ ಬಳಿಗೆ ಮತ್ತೆ ಬರುತ್ತೇವೆ, ನೀನೂ ನಮ್ಮ ಬಳಿಗೆ ಬಾ. ನಮ್ಮ ಮನಸ್ಸು ನಿನ್ನ ಮೇಲೆ, ನಿನ್ನ ಮನಸ್ಸು ನಮ್ಮ ಮೇಲೆ. ನಾವು ನಿನ್ನನ್ನು ಮರೆಯುವುದಿಲ್ಲ, ನೀನು ನಮ್ಮನ್ನು ಮರೆಯಬೇಡ." 2020ರ ಜನವರಿ 5ರಂದು ಶುರುವಾದ 14ನೆಯ ಸುತ್ತಿನ ಕೊನೆಯ ಹಾಳೆ ಬರುವುದು 2027ರ ಜೂನ್ 7ಕ್ಕೆ. ಮರುದಿನ ಮತ್ತೆ ಮೊದಲ ಪುಸ್ತಕ ತೆರೆಯುತ್ತದೆ. ಅದರ ಮೊದಲ ಸಾಲು ಒಂದು ಪ್ರಶ್ನೆ: "ಸಂಜೆಯ ಶೆಮಾವನ್ನು ಎಷ್ಟು ಹೊತ್ತಿನಿಂದ ಹೇಳಬಹುದು?"